ಸಣ್ಣ ಆಗೋದು ಸಾಕು, ಗಟ್ಟಿ ಆಗೋಣ

ಭಾಗ 1/10

ನಮ್ಮ ಕ್ಲಾಸಲ್ಲಿ ಯಾರಾದ್ರೂ "ಡಯೆಟ್ ಮಾಡ್ತಿದ್ದೀನಿ ಕಣೇ" ಅಂದ್ರೆ ಅದಕ್ಕೆ ಒಂದೇ ಅರ್ಥ. ಬೆಳಿಗ್ಗೆ ತಿಂಡಿ ಬಿಟ್ಟಿದ್ದಾಳೆ. ಮಧ್ಯಾಹ್ನ ಡಬ್ಬಿ ತೆಗೆದ್ರೆ ಸೌತೆಕಾಯಿ ಹೋಳು ಬಿಟ್ಟು ಬೇರೇನೂ ಇರಲ್ಲ. ಮೂರು ಗಂಟೆ ಹೊತ್ತಿಗೆ ತಲೆನೋವು. ಐದು ಗಂಟೆಗೆ ಹಸಿವು ತಡ್ಕೊಳ್ಳೋಕೆ ಆಗದೆ ಬಸ್ ಸ್ಟ್ಯಾಂಡ್ ಹತ್ರ ಬೇಕರಿಯಲ್ಲಿ ಪಫ್ಸು, ದಿಲ್‌ಪಸಂದ್, ಅದರ ಮೇಲೊಂದು ಜ್ಯೂಸು. ರಾತ್ರಿ "ಛೇ, ಎಲ್ಲಾ ಹಾಳಾಯ್ತು" ಅನ್ನೋ ಬೇಜಾರು. ಮಾರನೇ ದಿನ ಮತ್ತೆ ತಿಂಡಿ ಬಂದ್.

ಹುಡುಗರ ಕಥೆ ಬೇರೆ. ಮೂರು ತಿಂಗಳ ಜಿಮ್ ಫೀಸ್ ಒಟ್ಟಿಗೆ ಕಟ್ಟೋದು, ಹದಿನೈದು ದಿನ ಹೋಗೋದು, ಕನ್ನಡಿ ಮುಂದೆ ಹತ್ತು ಫೋಟೋ, ಆಮೇಲೆ ಇಂಟರ್ನಲ್ಸ್ ಬಂತು ಅಂತ ನಿಲ್ಲಿಸೋದು.

ಈ ಸರಣಿಯಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿರೋದು ಇಷ್ಟೇ. ನಮ್ಮ ವಯಸ್ಸಲ್ಲಿ ಗುರಿ ಸಣ್ಣ ಆಗೋದು ಆಗಿರಬಾರದು, ಗಟ್ಟಿ ಆಗೋದು ಆಗಿರಬೇಕು. ಅದಕ್ಕೆ ಬೇಕಾಗಿದ್ದೆಲ್ಲಾ ಹೆಚ್ಚುಕಡಿಮೆ ಮನೆಯಲ್ಲೇ ಇದೆ. ಆದ್ರೆ ಮನೆಯಲ್ಲಿ ಇದೆ ಅಂದ ಮಾತ್ರಕ್ಕೆ ನಮ್ಮ ಕೈಗೆ ಸಿಗುತ್ತೆ ಅಂತೇನಿಲ್ಲ. ಅರ್ಧ ಗಂಟೆ ಟೈಮು, ಒಂದು ಚಾಪೆ ಹಾಸುವಷ್ಟು ಜಾಗ, ತಟ್ಟೆಯಲ್ಲಿ ಸರಿಯಾದ ಪಾಲು. ಈ ಮೂರನ್ನೂ ಬಾಯಿಬಿಟ್ಟು ಕೇಳಿ ತಗೋಬೇಕು. ಮುಖ್ಯವಾಗಿ ಹೆಣ್ಣುಮಕ್ಕಳು.

ನಾನು ಟ್ರೈನರ್ ಅಲ್ಲ, ಡಯಟೀಶಿಯನ್ ಅಲ್ಲ. ಮೈಸೂರಲ್ಲಿ ಬಿಕಾಂ ಓದ್ತಿರೋ ಹುಡುಗಿ. ನಂಗೆ ಗೊತ್ತಿರೋದು ಲೆಕ್ಕ. ಆದ್ದರಿಂದ ಲೆಕ್ಕದಲ್ಲೇ ಹೇಳ್ತೀನಿ. ಹತ್ತು ಭಾಗ ಇದೆ, ಒಂದೇ ಸಲ ಓದೋಕೆ ಆಗದಿದ್ರೆ ಸೇವ್ ಮಾಡ್ಕೊಳ್ಳಿ.

ಭಾಗ 2/10: ತೂಕದ ಯಂತ್ರಕ್ಕೆ ಗೊತ್ತಿಲ್ಲದ್ದು

ಮೊದಲು ದೇಶದ ಲೆಕ್ಕ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದಿದ್ದು 2019ರಿಂದ 2021ರವರೆಗೆ. ಅದರ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಗಂಡಸರಲ್ಲಿ ನೂರಕ್ಕೆ 25. ಅದೇ ಸಮೀಕ್ಷೆ ಹೇಳೋ ಇನ್ನೊಂದು ವಿಷಯ: ಹೆಂಗಸರಲ್ಲಿ ನೂರಕ್ಕೆ 24, ಗಂಡಸರಲ್ಲಿ ನೂರಕ್ಕೆ 23 ಜನರಿಗೆ ತೂಕ ಅಗತ್ಯಕ್ಕಿಂತ ಜಾಸ್ತಿ.

ಈ ಎರಡು ಸಂಖ್ಯೆ ಒಟ್ಟಿಗೆ ಇಟ್ಟು ನೋಡಿ. ದಪ್ಪ ಇರೋರು ಚೆನ್ನಾಗಿ ತಿಂದು ಬೆಳೆದವರು, ಸಣ್ಣ ಇರೋರು ಫಿಟ್ ಇರೋರು ಅನ್ನೋ ನಮ್ಮ ಲೆಕ್ಕ ಇಲ್ಲೇ ತಪ್ಪುತ್ತೆ. ತೂಕ ಜಾಸ್ತಿ ಇದ್ದೂ ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇರಬಹುದು. ಸೊಂಟ ಇಪ್ಪತ್ತಾರೇ ಇದ್ದು ಒಂದು ಮಹಡಿ ಹತ್ತಿದ್ರೆ ಏದುಸಿರು ಬರಬಹುದು.

ತೂಕದ ಯಂತ್ರ ತೋರಿಸೋದು ಒಂದು ಟೋಟಲ್ ಮಾತ್ರ. ಬ್ಯಾಲೆನ್ಸ್ ಶೀಟಿನ ಕೊನೆ ಸಾಲು ನೋಡಿ ಕಂಪನಿ ಚೆನ್ನಾಗಿದೆ ಅಂತ ಹೇಳಿದ್ರೆ ನಮ್ಮ ಮೇಡಂ ಒಪ್ತಾರಾ? ಒಳಗೆ ಏನಿದೆ ನೋಡಬೇಕು. 55 ಕೆ.ಜಿ. ಅಂತ ಬಂದ್ರೆ ಅದರಲ್ಲಿ ಮೂಳೆ ಎಷ್ಟು, ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಅನ್ನೋ ಬ್ರೇಕಪ್ ಯಂತ್ರದ ಮೇಲೆ ಬರಲ್ಲ. ಊಟ ಬಿಟ್ಟ ಮೊದಲ ವಾರ ಇಳಿಯೋ ತೂಕದಲ್ಲಿ ಒಳ್ಳೇ ಪಾಲು ನೀರೇ. ಹಾಗೇ ಮುಂದುವರಿಸಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಕರಗುತ್ತೆ. ಅದು ಲಾಭ ಜಾಸ್ತಿ ತೋರಿಸೋಕೆ ಫ್ಯಾಕ್ಟರಿಯ ಮಷೀನೇ ಮಾರಿದ ಹಾಗೆ.

ಇನ್ನೊಂದು ಮಾತು. ನಮ್ಮ ಮೂಳೆಗಳು ಅತಿ ಗಟ್ಟಿಯಾಗೋದು ಹೆಚ್ಚುಕಡಿಮೆ ಮೂವತ್ತರ ಒಳಗೆ. ಆಮೇಲೆ ಇರೋದನ್ನ ಉಳಿಸ್ಕೊಳ್ಳೋದಷ್ಟೇ. ಅಂದ್ರೆ ಈಗ ನಮ್ಮದು ಡೆಪಾಸಿಟ್ ಇಡೋ ವಯಸ್ಸು. ಈ ವಯಸ್ಸಲ್ಲಿ ಉಪವಾಸ ಮಾಡಿ ಸಣ್ಣ ಆದ್ರೆ ಅದರ ಬಿಲ್ಲು ಐವತ್ತರಲ್ಲಿ ಬರುತ್ತೆ.

ಭಾಗ 3/10: ಬಸ್ಕಿ ಅಂದ್ರೆ ಬರೀ ಶಿಕ್ಷೆ ಅಲ್ಲ

"ಮನೆಯಲ್ಲಿ ಏನೂ ಇಲ್ಲ, ಡಂಬಲ್ಸ್ ಇಲ್ಲ, ಮಷೀನ್ ಇಲ್ಲ" ಅನ್ನೋರಿಗೆ ಈ ಭಾಗ.

ನಮ್ಮ ಮೈಸೂರಲ್ಲಿ ಹಳೇ ಗರಡಿ ಮನೆಗಳು ಇನ್ನೂ ಇವೆ. ಒಳಗೆ ಹೋಗಿ ನೋಡಿದ್ರೆ ಏನಿರುತ್ತೆ? ಕೆಂಪು ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆ, ಒಂದು ಹನುಮಂತನ ಪಟ. ಅಲ್ಲಿ ಪೈಲ್ವಾನರು ಸಾಮು ಮಾಡೋದರಲ್ಲಿ ಮುಖ್ಯವಾದದ್ದು ಎರಡೇ: ದಂಡ ಮತ್ತು ಬಸ್ಕಿ. ಎರಡಕ್ಕೂ ಬೇಕಾದ ತೂಕ ಅವರ ಮೈಯೇ. ನಾವು ಸ್ಕ್ವಾಟ್, ಪುಷ್ ಅಪ್ ಅಂತ ರೀಲ್ಸ್‌ನಲ್ಲಿ ನೋಡಿ ಕಲಿಯೋದರ ಸೋದರಸಂಬಂಧಿಗಳು ಇವು. ಮೊದಲು ಗರಡಿ ಅಂದ್ರೆ ಗಂಡಸರ ಜಾಗ ಅಂತಿತ್ತು. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಇರುತ್ತವೆ.

ಬೇಜಾರಿನ ವಿಷಯ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಬಸ್ಕಿ ಪರಿಚಯ ಆಗಿದ್ದು ಹೋಂವರ್ಕ್ ಮಾಡದೇ ಇದ್ದಾಗ. ಕಿವಿ ಹಿಡ್ಕೊಂಡು ಐವತ್ತು ಬಸ್ಕಿ. ಮೈಗೆ ಒಳ್ಳೇದಾದ ಒಂದು ಕೆಲಸವನ್ನ ಅವಮಾನದ ಜೊತೆ ಸೇರಿಸಿಬಿಟ್ರು. ಹಾಗಾಗಿ ಇವತ್ತಿಗೂ ವ್ಯಾಯಾಮ ಅಂದ್ರೆ "ತಿಂದಿದ್ದಕ್ಕೆ ಶಿಕ್ಷೆ" ಅಂತಾನೇ ತಲೆಯಲ್ಲಿ ಕೂತಿದೆ. ನಿನ್ನೆ ಮದುವೆ ಊಟ ಮಾಡಿದೆ, ಇವತ್ತು ನೂರು ಬಸ್ಕಿ. ಹಿಂಗೆ ಶುರು ಮಾಡಿದ್ದು ಮೂರು ದಿನಕ್ಕೆ ನಿಲ್ಲುತ್ತೆ, ಯಾಕಂದ್ರೆ ಶಿಕ್ಷೆಯನ್ನ ಯಾರೂ ಇಷ್ಟಪಟ್ಟು ಮುಂದುವರಿಸಲ್ಲ.

ಮೈ ಗಟ್ಟಿಯಾಗೋ ಲಾಜಿಕ್ಕು ಸರಳ. ಸ್ನಾಯುಗೆ ಅಭ್ಯಾಸ ಇರೋದಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ ಕೊಡಿ, ತಿನ್ನೋಕೆ ಪ್ರೋಟೀನ್ ಕೊಡಿ, ನಿದ್ದೆ ಕೊಡಿ. ಮುಂದಿನ ಸಲಕ್ಕೆ ಅದು ಸ್ವಲ್ಪ ಜಾಸ್ತಿ ತಯಾರಾಗಿ ಬರುತ್ತೆ. ಆಗ ಕೆಲಸವನ್ನ ಇನ್ನೊಂಚೂರು ಜಾಸ್ತಿ ಮಾಡಿ. ಚಕ್ರಬಡ್ಡಿ ತರ. ಒಂದೇ ದಿನದಲ್ಲಿ ಏನೂ ಕಾಣಲ್ಲ, ಆದ್ರೆ ನಿಲ್ಲಿಸದೇ ಇದ್ರೆ ಮೂರು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತೆ.

ಭಾಗ 4/10: ವಾರಕ್ಕೆ ಮೂರು ದಿನ, ಐದು ಕೆಲಸ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಇದು. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಅದರ ಜೊತೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಮಾಡಬೇಕು. ನಾವು ಹುಡುಗೀರು ಮೊದಲನೆಯದನ್ನ ವಾಕಿಂಗ್ ಅಂತ ಮಾಡ್ತೀವಿ, ಎರಡನೆಯದನ್ನ ಬಿಟ್ಟೇಬಿಡ್ತೀವಿ.

ಸೋಮ, ಬುಧ, ಶುಕ್ರ. ಒಂದು ದಿನಕ್ಕೆ 25 ನಿಮಿಷ. ಮೊದಲ ಐದು ನಿಮಿಷ ನಿಂತಲ್ಲೇ ನಡೆದು, ಕೈ ಭುಜ ತಿರುಗಿಸಿ ಮೈ ಬಿಸಿ ಮಾಡ್ಕೊಳ್ಳಿ.

ಒಂದು, ಕುರ್ಚಿ ಬಸ್ಕಿ. ಹಿಂದೆ ಪ್ಲಾಸ್ಟಿಕ್ ಕುರ್ಚಿ ಇಡಿ, ಅದಕ್ಕೆ ತಾಗೋವರೆಗೂ ಕೂತು ಏಳಿ. 10 ಸಲ.

ಎರಡು, ಗೋಡೆಗೆ ಪುಷ್ ಅಪ್. ಸುಲಭ ಆದ ಮೇಲೆ ಮಂಚದ ಅಂಚಿಗೆ, ಆಮೇಲೆ ನೆಲದ ಮೇಲೆ ಮಂಡಿಯೂರಿ, ಕೊನೆಗೆ ಪೂರ್ತಿ. ಪೂರ್ತಿ ಪುಷ್ ಅಪ್‌ನಲ್ಲಿ ಕೈ ಮೇಲೆ ಬೀಳೋದು ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು, ಮಂಡಿಯೂರಿದ್ರೆ ಸುಮಾರು ಅರ್ಧ. ಹಾಗಾಗಿ ಮೊದಲನೇ ದಿನ ಒಂದೂ ಬರದಿದ್ರೆ ನಾಚಿಕೆಪಡೋ ವಿಷಯ ಏನಿಲ್ಲ. 8 ಸಲ.

ಮೂರು, ಬ್ಯಾಗ್ ಎಳೆಯೋದು. ಕಾಲೇಜ್ ಬ್ಯಾಗಿಗೆ ಕಾರ್ಪೊರೇಟ್ ಅಕೌಂಟಿಂಗ್, ಕಾಸ್ಟ್ ಅಕೌಂಟಿಂಗ್ ಎರಡನ್ನೂ ಹಾಕಿ. ಬೆನ್ನು ನೇರ ಇಟ್ಟು ಸೊಂಟದಿಂದ ಮುಂದೆ ಬಾಗಿ, ಬ್ಯಾಗನ್ನ ಹೊಟ್ಟೆ ಕಡೆಗೆ ಎಳೆದು ಇಳಿಸಿ. 10 ಸಲ. ಅಷ್ಟು ದಪ್ಪ ಪುಸ್ತಕಕ್ಕೆ ಇದೊಂದು ಉಪಯೋಗ ಇದೆ.

ನಾಲ್ಕು, ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ ಎರಡು ಸೆಕೆಂಡ್ ನಿಲ್ಲಿಸಿ ಇಳಿಸೋದು. 12 ಸಲ.

ಐದು, ಪ್ಲಾಂಕ್. ಮೊಣಕೈ ಊರಿ 20 ಸೆಕೆಂಡ್.

ಇಷ್ಟನ್ನ ಮೂರು ಸುತ್ತು ಮಾಡಿ, ಮಧ್ಯೆ ಒಂದು ನಿಮಿಷ ರೆಸ್ಟು. ಒಂದು ವಾರ ಪೂರ್ತಿ ಸಲೀಸಾಗಿ ಬಂದ್ರೆ ಮುಂದಿನ ವಾರ ಎರಡೆರಡು ಜಾಸ್ತಿ ಮಾಡಿ. ಶುರುವಲ್ಲಿ ಒಂದೆರಡು ದಿನ ಮೈಕೈ ನೋವು ಸಹಜ. ಕೀಲಲ್ಲಿ ಚುಚ್ಚಿದ ಹಾಗೆ ನೋವು, ಎದೆ ನೋವು, ತಲೆ ಸುತ್ತು ಬಂದ್ರೆ ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಉಳಿದ ದಿನ ಎರಡು ಸ್ಟಾಪ್ ಮುಂಚೆ ಬಸ್ ಇಳಿದು ಬಿರುಸಾಗಿ ನಡೀರಿ.

ಭಾಗ 5/10: ಚಾಪೆ ಹಾಸೋಕೆ ಜಾಗ ಎಲ್ಲಿದೆ?

ಮೇಲಿನ ಐದು ಕೆಲಸ ಓದಿ ಎಷ್ಟೋ ಹುಡುಗೀರಿಗೆ ಮೊದಲು ಬಂದ ಯೋಚನೆ ಏನು ಅಂತ ನಂಗೆ ಗೊತ್ತು. "ಎಲ್ಲಿ ಮಾಡೋದು?"

ಎರಡು ರೂಮಿನ ಬಾಡಿಗೆ ಮನೆ. ಹಾಲ್‌ನಲ್ಲಿ ಅಪ್ಪ ಟಿವಿ ನೋಡ್ತಿರ್ತಾರೆ. ರೂಮಲ್ಲಿ ಅಜ್ಜಿ ಮಲಗಿರ್ತಾರೆ. ಟೆರೇಸ್ ಮೇಲೆ ಹೋದ್ರೆ ಎದುರು ಮನೆ ಕಿಟಕಿ. ತಮ್ಮ ಅದೇ ಟೆರೇಸ್ ಮೇಲೆ ಚಡ್ಡಿ ಹಾಕ್ಕೊಂಡು ಸ್ಕಿಪ್ಪಿಂಗ್ ಮಾಡಿದ್ರೆ "ಹುಡುಗ ಶ್ರದ್ಧೆಯಿಂದ ಮಾಡ್ತಾನೆ" ಅಂತಾರೆ. ನಾವು ಮಾಡಿದ್ರೆ "ಯಾರಿಗೆ ತೋರಿಸೋಕೆ" ಅಂತಾರೆ. ಅದೂ ಆಯ್ತು ಅಂದ್ರೆ ಹತ್ತನೇ ಬಸ್ಕಿಗೆ ಅಡುಗೆಮನೆಯಿಂದ ಕೂಗು: "ಕುಣಿದಿದ್ದು ಸಾಕು, ಬಂದು ಈರುಳ್ಳಿ ಹೆಚ್ಚು."

ರೀಲ್ಸ್‌ನಲ್ಲಿ "ನೋ ಎಕ್ಸ್‌ಕ್ಯೂಸಸ್" ಅಂತ ಹೇಳೋ ಅಣ್ಣಂದಿರಿಗೆ ಇದು ಗೊತ್ತಿರಲ್ಲ. ನಮ್ಮದು ಸೋಮಾರಿತನ ಅಂತ ನಾನು ಒಪ್ಪಲ್ಲ. ಮನೆಯ ಟೈಮು ಮತ್ತು ಜಾಗ ಹೆಂಗೆ ಹಂಚಿಕೆ ಆಗಿದೆ ಅನ್ನೋದೇ ಇಲ್ಲಿ ಪ್ರಶ್ನೆ.

ಸೆಕೆಂಡ್ ಪಿಯುಸಿ ಕಾಮರ್ಸ್ ಓದಿದ ಎಲ್ಲರಿಗೂ ಒಂದು ಉತ್ತರ ಬಾಯಿಪಾಠ. ಪಾಲುದಾರಿಕೆ ಒಪ್ಪಂದ ಪತ್ರ ಇಲ್ಲದಿದ್ದಾಗ ಏನು? 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಪ್ರಕಾರ ಲಾಭ ನಷ್ಟ ಸಮಪಾಲು, ಯಾವ ಪಾಲುದಾರರಿಗೂ ಸಂಬಳ ಇಲ್ಲ. ಮನೆಗೂ ಒಪ್ಪಂದ ಪತ್ರ ಇರಲ್ಲ. ಆದ್ರೆ ಅಲ್ಲಿ "ಸಂಬಳ ಇಲ್ಲ" ಅನ್ನೋ ರೂಲು ಅಮ್ಮನಿಗೆ ಚಾಚೂ ತಪ್ಪದೆ ಅನ್ವಯ ಆಗುತ್ತೆ, "ಸಮಪಾಲು" ಅನ್ನೋ ರೂಲು ಮಾತ್ರ ಆಗಲ್ಲ.

ಹಾಗಾಗಿ ಕದ್ದುಮುಚ್ಚಿ ಮಾಡಬೇಡಿ. ಮನೆಯಲ್ಲಿ ಹೇಳಿಬಿಡಿ: "ಸೋಮ, ಬುಧ, ಶುಕ್ರ ಬೆಳಿಗ್ಗೆ ಆರರಿಂದ ಆರೂವರೆ ಈ ಜಾಗ ನನಗೆ ಬೇಕು." ಟೈಮ್ ಹೇಳಿ ಕೇಳಿದ್ರೆ ಬಹಳ ಮನೆಗಳಲ್ಲಿ ಇಲ್ಲ ಅನ್ನಲ್ಲ. ಎರಡು ವಾರ ರೇಗಿಸ್ತಾರೆ, ಮೂರನೇ ವಾರ ಅಭ್ಯಾಸ ಆಗುತ್ತೆ. ಚೂಡಿದಾರಲ್ಲೇ ಮಾಡಿ, ನೈಟ್ ಪ್ಯಾಂಟಲ್ಲೇ ಮಾಡಿ. ಗೋಡೆ ಪುಷ್ ಅಪ್‌ಗೆ ಬ್ರ್ಯಾಂಡೆಡ್ ಲೆಗ್ಗಿಂಗ್ಸ್ ಏನೂ ಬೇಕಾಗಿಲ್ಲ.

ಭಾಗ 6/10: ತಟ್ಟೆಯ ಲೆಕ್ಕ

ಈಗ ಊಟಕ್ಕೆ ಬರೋಣ. ನಮ್ಮ ಮನೆ ಊಟ ಕೆಟ್ಟದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಕೋಸಂಬರಿ, ಮಜ್ಜಿಗೆ ಮಾಡೋದು ಗೊತ್ತಿರೋ ಜನ ನಾವು. ತೊಂದರೆ ಇರೋದು ಅಳತೆಯಲ್ಲಿ. ದಿನಾ ಅನ್ನ ಬೆಟ್ಟದಷ್ಟು, ಬೇಳೆ ತಳದಲ್ಲಿ ಸ್ವಲ್ಪ, ಪಲ್ಯ ಉಪ್ಪಿನಕಾಯಿ ತರ ಒಂದು ಮೂಲೆಯಲ್ಲಿ. ಕೋಸಂಬರಿ ರಾಮನವಮಿಗೆ ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆ.ಜಿ. ಹುಡುಗಿಗೆ ಸುಮಾರು 46 ಗ್ರಾಂ.

ನಮ್ಮ ಒಂದು ಮಾಮೂಲಿ ದಿನ ತಗೊಳ್ಳಿ. ಬೆಳಿಗ್ಗೆ ಚಿತ್ರಾನ್ನ: 7 ಗ್ರಾಂ. ಮಧ್ಯಾಹ್ನ ಅನ್ನ, ತಿಳಿಸಾರು: 10. ಸಂಜೆ ಟೀ, ಎರಡು ಬಿಸ್ಕತ್ತು: 3. ರಾತ್ರಿ ಮುದ್ದೆ, ಸಾರು: 10. ಇದು ನನ್ನ ಅಂದಾಜು, ಒಂದೆರಡು ಗ್ರಾಂ ಆಚೀಚೆ ಆಗಬಹುದು. ಟೋಟಲ್ 30. ಹೊಟ್ಟೆ ತುಂಬಿದೆ, ಲೆಕ್ಕದಲ್ಲಿ ಮಾತ್ರ 16 ಗ್ರಾಂ ಕೊರತೆ. ಇನ್ನು ತಿಂಡಿನೂ ಬಿಟ್ಟವರ ಕಥೆ ಕೇಳಲೇಬೇಡಿ.

ಈಗ ಇದೇ ದಿನಕ್ಕೆ ಸೇರಿಸಿ. ಒಂದು ಮೊಟ್ಟೆ: 6 ಗ್ರಾಂ. ಒಂದು ಹಿಡಿ ಕಡಲೆಬೀಜ, ಅಂದ್ರೆ 30 ಗ್ರಾಂ ತೂಕದ್ದು: 7. ಒಂದು ಬಟ್ಟಲು ಹೆಸರುಕಾಳು ಅಥವಾ ಹುರುಳಿಕಾಳು ಪಲ್ಯ: 7. ಒಂದು ಬಟ್ಟಲು ಮೊಸರು: 4. ಒಟ್ಟು 24 ಜಾಸ್ತಿ ಆಯ್ತು, 54ಕ್ಕೆ ಬಂತು. ಮೊಟ್ಟೆ ತಿನ್ನದ ಮನೆಯಾದ್ರೆ ಅದನ್ನ ಬಿಟ್ಟರೂ 46 ದಾಟುತ್ತೆ. ಕಾಳು, ಮೊಸರು ಬಂದ ಮೇಲೆ ಅನ್ನ ಒಂದು ಸೌಟು ತಾನಾಗೇ ಕಮ್ಮಿ ಆಗುತ್ತೆ. ಯಾರೂ ಕಿತ್ಕೊಂಡು ಹೋಗಬೇಕಿಲ್ಲ.

ರಾಗಿ ಬಗ್ಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಲ್ಲಿ ಇರೋದರ ಸುಮಾರು ಮೂರು ಪಟ್ಟು. "ಮುದ್ದೆ ತಿಂದ್ರೆ ಕಪ್ಪಗಾಗ್ತೀವಿ" ಅಂತ ಓಟ್ಸ್ ಡಬ್ಬಿ ತರೋರು ಇದನ್ನ ಒಂದ್ಸಲ ಓದಿ.

ಭಾಗ 7/10: ಮೊಟ್ಟೆ ಯಾರ ತಟ್ಟೆಗೆ?

ಲೆಕ್ಕ ಸುಲಭ. ಆದ್ರೆ ಆ ಒಂದು ಮೊಟ್ಟೆ ಯಾರ ತಟ್ಟೆಗೆ ಬೀಳುತ್ತೆ ಅನ್ನೋದು ಸುಲಭ ಇಲ್ಲ.

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕ್ಷೀರಭಾಗ್ಯದ ಹಾಲು ನೆನಪಿರುತ್ತೆ. 2013ರಲ್ಲಿ ಶುರುವಾಯ್ತು, ನಾವಾಗ ಪುಟ್ಟ ಮಕ್ಕಳು. ಲೋಟ ಹಿಡ್ಕೊಂಡು ಸಾಲಲ್ಲಿ ನಿಂತ್ರೆ ಹುಡುಗನಿಗೂ 150 ಮಿಲಿ, ಹುಡುಗಿಗೂ 150 ಮಿಲಿ. ಅಳತೆ ಒಂದೇ. ಮನೆಗೆ ಬಂದ್ರೆ ಆ ಅಳತೆ ಬದಲಾಗೋದನ್ನ ನೋಡಿರ್ತೀರಿ. "ಗಂಡುಹುಡುಗ, ಬೆಳೆಯೋ ವಯಸ್ಸು" ಅಂತ ಎರಡು ಮೊಟ್ಟೆ ಅವನಿಗೆ. ಕೋಳಿ ಸಾರಾದ್ರೆ ಪೀಸು ಅವರಿಗೆ, ಸಾರು ನಮಗೆ. ಅಮ್ಮ ಎಲ್ಲರದ್ದೂ ಆದ ಮೇಲೆ ಪಾತ್ರೆ ತಳ ಬಳಿದು ತಿಂತಾಳೆ. ಎಲ್ಲಾ ಮನೆಯಲ್ಲೂ ಹೀಗೇ ಅಂತ ಹೇಳ್ತಿಲ್ಲ. ನಿಮ್ಮ ಮನೆಯಲ್ಲಿ ಹೆಂಗೆ ಅಂತ ಇವತ್ತು ರಾತ್ರಿ ಒಂದ್ಸಲ ಸುಮ್ಮನೆ ಗಮನಿಸಿ.

ನೂರಕ್ಕೆ 57 ಅನ್ನೋ ಆ ಸಂಖ್ಯೆಗೆ ಕಾರಣ ಹಲವು. ತಿಂಗಳ ಮುಟ್ಟು ಒಂದು, ಬಸಿರು ಬಾಣಂತನ ಒಂದು. ಆದ್ರೆ ತಟ್ಟೆಯ ಪಾಲೂ ಅದರಲ್ಲಿ ಒಂದು. ಅದಾಗಲೇ ಕಮ್ಮಿ ಪಾಲು ಸಿಗ್ತಿರೋ ಹುಡುಗಿಗೆ "ಇನ್ನೂ ಕಮ್ಮಿ ತಿನ್ನು, ಸಣ್ಣ ಆಗ್ತೀಯ" ಅಂತ ಹೇಳೋದು ಯಾವ ನ್ಯಾಯ? ಡಯೆಟ್ ಅನ್ನೋ ಹೊಸ ಹೆಸರಲ್ಲಿ ಹಳೇ ಅಭ್ಯಾಸನೇ ಮುಂದುವರಿತಿದೆ ಅಂತ ನಂಗನ್ಸುತ್ತೆ.

ಇನ್ನೊಂದು ಅಪಾಯ ಇದೆ, ಅದನ್ನೂ ಹೇಳಿಬಿಡ್ತೀನಿ. ನಾವು ಹೆಲ್ದಿ ಆಗೋಕೆ ಹೊರಟ್ರೆ ಕೆಲಸ ಜಾಸ್ತಿ ಆಗೋದು ಅಮ್ಮನಿಗೆ. "ನಂಗೆ ಚಿತ್ರಾನ್ನ ಬೇಡ, ಬೇರೆ ಏನಾದ್ರೂ ಮಾಡ್ಕೊಡು." ದಯವಿಟ್ಟು ಹೀಗೆ ಮಾಡಬೇಡಿ. ಯಾರು ಬದಲಾಗ್ಬೇಕು ಅಂತಾರೋ ಅವರೇ ರಾತ್ರಿ ಕಾಳು ನೆನೆಹಾಕಬೇಕು, ಅವರೇ ಸೊಪ್ಪು ಬಿಡಿಸಬೇಕು. ತಮ್ಮನೂ ಸೇರಿ, ಅವನಿಗೂ ಎರಡು ಕೈ ಇದೆ. ನೆನೆಸಿದ ಕಾಳನ್ನ ಬಟ್ಟೆಯಲ್ಲಿ ಕಟ್ಟಿಟ್ರೆ ಮೊಳಕೆ ತಾನಾಗೇ ಬರುತ್ತೆ. ಮಾಡೋದು ಮಾಡ್ತೀರಾ, ಎಲ್ಲರಿಗೂ ಆಗುವಷ್ಟು ಮಾಡಿ. ಅಮ್ಮನ ತಟ್ಟೆಗೆ ಮೊದಲು ಬಡಿಸಿ.

ಭಾಗ 8/10: ಡಬ್ಬಿ, ಬಾಟಲಿ, ಬೇಕರಿ

ಪ್ರೋಟೀನ್ ಪೌಡರ್ ಬಗ್ಗೆ ಡಿಎಂನಲ್ಲಿ ಕೇಳ್ತಾನೇ ಇರ್ತೀರಿ. ಮುಖ್ಯವಾಗಿ ಹುಡುಗರು. ವೇ ಪ್ರೋಟೀನ್ ಅಂದ್ರೆ ಹಾಲು ಒಡೆದಾಗ ಉಳಿಯೋ ತಿಳಿನೀರಿಂದ ತಯಾರಾದ ಪುಡಿ. ವಿಷ ಏನಲ್ಲ, ಪವಾಡನೂ ಅಲ್ಲ. ನಾನು ನೋಡಿದ ಡಬ್ಬಿಗಳಲ್ಲಿ ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್, ಖರ್ಚು 60ರಿಂದ 80 ರೂಪಾಯಿ. ಅಷ್ಟೇ 24 ಗ್ರಾಂ ನಾಲ್ಕು ಮೊಟ್ಟೆಯಲ್ಲಿ ಬರುತ್ತೆ. ನಮ್ಮ ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ ಲೆಕ್ಕದಲ್ಲಿ 28 ರೂಪಾಯಿ. ಕಾಸ್ಟ್ ಶೀಟ್ ಬರೆಯೋಕೆ ಗೊತ್ತಿರೋರು ನೀವೇ ತೀರ್ಮಾನ ಮಾಡಿ. 2024ರಲ್ಲಿ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿಯೂ ಮೈ ಬೆಳೆಸೋಕೆ ಅಂತ ಪ್ರೋಟೀನ್ ಸಪ್ಲಿಮೆಂಟ್ ತಗೋಬೇಡಿ ಅಂತಾನೇ ಹೇಳಿದೆ.

ಬಾಟಲಿಗೆ ಬನ್ನಿ. ಕೋಲಾ ತರದ ತಂಪು ಪಾನೀಯದ ಲೇಬಲ್ ಹಿಂದೆ ನೋಡಿದ್ರೆ 100 ಮಿಲಿಗೆ ಸಕ್ಕರೆ 10ರಿಂದ 11 ಗ್ರಾಂ ಅಂತಿರುತ್ತೆ. ಅರ್ಧ ಲೀಟರ್ ಕುಡಿದ್ರೆ 50 ಗ್ರಾಂ ದಾಟಿತು. ದಿನಕ್ಕೆ 25 ಗ್ರಾಂ ಒಳಗೆ ಇರಲಿ ಅನ್ನೋದು ಸಲಹೆ. ಎರಡು ದಿನದ ಕೋಟಾ ಒಂದು ಬಾಟಲಿಯಲ್ಲಿ ಮುಗೀತು. ಲೇಬಲ್ ಓದುವಾಗ "ಪ್ರತಿ ಸರ್ವಿಂಗ್‌ಗೆ" ಅನ್ನೋ ಪದ ಹುಡುಕಿ. ಅದು ಬ್ಯಾಲೆನ್ಸ್ ಶೀಟ್ ಕೆಳಗಿನ ಸಣ್ಣಕ್ಷರದ ನೋಟ್ಸ್ ಇದ್ದ ಹಾಗೆ, ನಿಜವಾದ ವಿಷಯ ಅಲ್ಲೇ ಇರೋದು. ಪ್ಯಾಕೆಟ್ ಪೂರ್ತಿ ತಿಂದು ಒಂದು ಸರ್ವಿಂಗ್ ಲೆಕ್ಕ ಹಾಕೋದು ತಪ್ಪು.

ಹಾಗಂತ ಬೇಕರಿ ಬಾಗಿಲಿಗೆ ಬೀಗ ಹಾಕಿ ಅಂತಿಲ್ಲ. ನಮ್ಮೂರಲ್ಲಿ ಅಯ್ಯಂಗಾರ್ ಬೇಕರಿ ವಾಸನೆ ಬಂದ್ರೂ ತಿರುಗಿ ನೋಡದೆ ಹೋಗೋಕೆ ನಾವೇನು ಸನ್ಯಾಸಿಗಳಾ? ವಾರಕ್ಕೆ ಒಂದ್ಸಲ ಹೋಗಿ, ಕೂತು, ಇಷ್ಟಪಟ್ಟು ತಿನ್ನಿ. ದಿನಾ ಹಸಿವಿನ ಸಿಟ್ಟಲ್ಲಿ ಹೋಗೋದನ್ನ ಬಿಡಿ. ಬೆಳಿಗ್ಗೆ ತಿಂಡಿ ತಿಂದಿದ್ರೆ, ಬ್ಯಾಗಲ್ಲಿ ಒಂದು ಸಣ್ಣ ಡಬ್ಬಿ ಹುರಿಗಡಲೆ ಇದ್ರೆ, ಐದು ಗಂಟೆಯ ಆ ಸಿಟ್ಟು ಅರ್ಧ ಕಮ್ಮಿ ಆಗುತ್ತೆ.

ಒಂದು ಸಣ್ಣ ಟಿಪ್ಪು. ಊಟ ಆದ ಕೂಡಲೇ ಟೀ ಕುಡಿಯಬೇಡಿ. ಸೊಪ್ಪು, ಕಾಳಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಟೀ ಅಡ್ಡ ಬರುತ್ತೆ. ಬದಲಿಗೆ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಅದು ಸಹಾಯ ಮಾಡುತ್ತೆ.

ಭಾಗ 9/10: ನೀವು ಕೇಳೋ ಪ್ರಶ್ನೆಗಳು

"ತೂಕ ನಿಜವಾಗ್ಲೂ ಜಾಸ್ತಿ ಇರೋರು ಇಳಿಸಬಾರದಾ?" ಖಂಡಿತ ಇಳಿಸಿ. ನಮ್ಮಂಥ ಏಷ್ಯಾದವರಿಗೆ ಬಿಎಂಐ 23 ದಾಟಿದ್ರೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಡೆ ಗಮನ ಕೊಡಬೇಕು ಅಂತ ವೈದ್ಯರು ಹೇಳ್ತಾರೆ. ಆದ್ರೆ ದಾರಿ ಇದೇ. ವ್ಯಾಯಾಮ, ಕಾಳು ಸೊಪ್ಪು ಜಾಸ್ತಿ, ಸಕ್ಕರೆ ಎಣ್ಣೆ ಅನ್ನ ಕಮ್ಮಿ, ನಿಧಾನ. ಉಪವಾಸದ ಶಾರ್ಟ್‌ಕಟ್ ಬೇಡ.

"ಹೊಟ್ಟೆ ಮಾತ್ರ ಕರಗಿಸೋಕೆ ಯಾವ ಎಕ್ಸರ್‌ಸೈಜ್?" ಅಂಥದ್ದು ಇಲ್ಲ. ಕೊಬ್ಬು ಎಲ್ಲಿಂದ ಮೊದಲು ಕರಗಬೇಕು ಅಂತ ಮೈ ತೀರ್ಮಾನ ಮಾಡುತ್ತೆ, ನಾವಲ್ಲ. "ಏಳು ದಿನದಲ್ಲಿ ಹೊಟ್ಟೆ ಮಾಯ" ಅನ್ನೋ ವಿಡಿಯೋ ಕಂಡ್ರೆ ಮೇಲೆ ತಳ್ಳಿ.

"ಹುಡುಗೀರು ತೂಕ ಎತ್ತಿದ್ರೆ ಗಂಡಸರ ತರ ಆಗ್ತಾರಾ?" ಇಪ್ಪತ್ತು ಲೀಟರಿನ ನೀರಿನ ಕ್ಯಾನು 20 ಕೆ.ಜಿ. ತೂಗುತ್ತೆ. ನಮ್ಮ ಅಮ್ಮಂದಿರು, ಅಜ್ಜಿಯರು ಕೊಡದಲ್ಲಿ ನೀರು ಹೊತ್ತೇ ಬದುಕಿದವರು. ಆಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಮನೆಕೆಲಸಕ್ಕೆ ಹೊತ್ತ ತೂಕ ತೊಂದರೆ ಇಲ್ಲ, ನಮಗೋಸ್ಕರ ಎತ್ತಿದ್ರೆ ಮಾತ್ರ ತೊಂದರೆ, ಅಲ್ವಾ?

"ಸಣ್ಣ ಆದ್ರೆ ಒಳ್ಳೇ ಸಂಬಂಧ ಬರುತ್ತೆ ಅಂತ ಆಂಟಿ ಹೇಳಿದ್ರು." ಆಂಟಿಗೆ ಕಾಫಿ ಕೊಡಿ, ಮಾತು ಬದಲಾಯಿಸಿ. ಮುಂದಿನ ಐವತ್ತು ವರ್ಷ ಈ ಮಂಡಿ, ಈ ಬೆನ್ನು ಇಟ್ಕೊಂಡು ಓಡಾಡಬೇಕಾಗಿರೋದು ನೀವು, ಅವರಲ್ಲ.

"ಮುಟ್ಟಿನ ದಿನ ಮಾಡಬಹುದಾ?" ಮೈ ಒಪ್ಪಿದ್ರೆ ಮಾಡಿ, ಇಲ್ಲಾಂದ್ರೆ ಬಿಡಿ. ಎರಡೂ ತಪ್ಪಲ್ಲ.

"ನಂಗೆ ಥೈರಾಯ್ಡ್ ಇದೆ, ಪಿಸಿಓಡಿ ಇದೆ." ಹಾಗಾದ್ರೆ ನನ್ನ ಕ್ಯಾಪ್ಷನ್ ನಂಬಿ ಕೂರಬೇಡಿ, ಡಾಕ್ಟರ್ ಕೇಳಿ ಶುರು ಮಾಡಿ. ಯಾವಾಗ್ಲೂ ಸುಸ್ತು, ಮೆಟ್ಟಿಲು ಹತ್ತಿದ್ರೆ ಎದೆ ಬಡಿತ ಅಂತಿದ್ರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಬಸಿರಿಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿ ಬಂದ್ರೆ ಅದು ರಕ್ತಹೀನತೆ. ಆಗ ಬೇಕಾಗಿರೋದು ಗ್ರೀನ್ ಟೀ ಅಲ್ಲ, ಡಾಕ್ಟರ್ ಸಲಹೆ.

ಊಟ ಕಂಡ್ರೇ ಭಯ, ತಿಂದು ಬಲವಂತವಾಗಿ ವಾಂತಿ ಮಾಡೋದು, ದಿನಕ್ಕೆ ಹತ್ತು ಸಲ ತೂಕ ನೋಡೋದು ಇದ್ರೆ ದಯವಿಟ್ಟು ಒಬ್ಬರೇ ಇಟ್ಕೋಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ, ಡಾಕ್ಟರ್ ನೋಡಿ. ಅದು ಹಠ ಅಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ಭಾಗ 10/10: ಈ ವಾರದಿಂದ

ಜಿಮ್‌ಗೆ ಹೋಗೋರ ಮೇಲೆ ನಂಗೇನೂ ಸಿಟ್ಟಿಲ್ಲ. ದುಡ್ಡು, ಟೈಮು, ಮನೆಯವರ ಒಪ್ಪಿಗೆ ಮೂರೂ ಇದ್ರೆ ಹೋಗಿ, ಚೆನ್ನಾಗಿ ಕಲೀರಿ. ಅದು ಇಲ್ಲದವರು ಕಾಯ್ತಾ ಕೂರಬೇಡಿ ಅಂತಷ್ಟೇ ನನ್ನ ಮಾತು. ಕೆಲಸ ಸಿಕ್ಕ ಮೇಲೆ, ಹಾಸ್ಟೆಲ್ ಬಿಟ್ಟ ಮೇಲೆ, ಮದುವೆ ಆದ ಮೇಲೆ ಅಂತ ಮುಂದೆ ಹಾಕಿದ್ರೆ ಆಮೇಲೆ ಟೈಮು ಇನ್ನೂ ಕಮ್ಮಿ ಆಗುತ್ತೆ, ಜಾಸ್ತಿ ಅಂತೂ ಆಗಲ್ಲ.

ಈ ವಾರ ಮಾಡಬೇಕಾದ್ದು ನಾಲ್ಕೇ.

ಒಂದು, ತಿಂಡಿ ಬಿಡಬೇಡಿ. ಏನು ಮಾಡಿರ್ತಾರೋ ಅದನ್ನೇ ತಿನ್ನಿ, ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜ.

ಎರಡು, ಇವತ್ತು ರಾತ್ರಿ ಒಂದು ಲೋಟ ಹೆಸರುಕಾಳು ನೆನೆಹಾಕಿ. ನೀವೇ.

ಮೂರು, ಮನೆಯಲ್ಲಿ ದಿನ, ಟೈಮು, ಜಾಗ ಹೇಳಿ ಕೇಳಿ. "ಪ್ಲೀಸ್" ಅನ್ನಿ, ಆದ್ರೆ "ಸಾರಿ" ಅನ್ನಬೇಡಿ.

ನಾಲ್ಕು, ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಲೆಕ್ಕ ಇಡಿ. ತೂಕ ಬರೀಬೇಡಿ. ಎಷ್ಟು ಬಸ್ಕಿ ಆಯ್ತು, ಗೋಡೆಯಿಂದ ಮಂಚಕ್ಕೆ ಯಾವ ದಿನ ಬಂದೆ, ಕಾಲೇಜಿನ ಮೂರನೇ ಮಹಡಿ ಏದುಸಿರಿಲ್ಲದೆ ಯಾವತ್ತು ಹತ್ತಿದೆ, ನೀರಿನ ಕ್ಯಾನ್ ಒಬ್ಬಳೇ ಯಾವತ್ತು ಎತ್ತಿಟ್ಟೆ. ಇದನ್ನ ಬರೀರಿ. ಎಂಟು ಗಂಟೆ ನಿದ್ದೆ ಆಯ್ತಾ ಅಂತನೂ ಬರೀರಿ, ಅದೂ ಲೆಕ್ಕಕ್ಕೆ ಬರುತ್ತೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಎಲ್ಲರೂ ಸೇರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಣ. ಸಾವಿರ ಮೆಟ್ಟಿಲು, ನಂದಿ ಹತ್ರ ಒಂದು ರೆಸ್ಟು. ರೇಸ್ ಏನಿಲ್ಲ, ನಿಧಾನ ಹತ್ತೋರನ್ನ ಬಿಟ್ಟು ಹೋಗೋದೂ ಇಲ್ಲ. ಆಗೋದಾದ್ರೆ ಅಮ್ಮನ್ನೂ ಕರ್ಕೊಂಡ್ ಬನ್ನಿ. ಇಳಿದ ಮೇಲೆ ಮಸಾಲೆ ದೋಸೆ ನಾವೆಲ್ಲಾ ಕಾಸು ಹಾಕಿ ತಿನ್ನೋಣ, ಸಮಪಾಲು.

ಯಾರ್ಯಾರು ಬರ್ತೀರಿ ಕಾಮೆಂಟಲ್ಲಿ ಹೇಳಿ. ಮನೆಯಲ್ಲಿ ಜಾಗ ಕೇಳಿದಾಗ ಏನಂದ್ರು ಅಂತನೂ ಬರೀರಿ. ಬೈಗುಳ ಬಿದ್ದಿದ್ರೂ ಪರವಾಗಿಲ್ಲ, ಹೇಳಿ. ಡಯೆಟ್ ಅಂತ ತಿಂಡಿ ಬಿಟ್ಟಿರೋ ಒಬ್ಬ ಗೆಳತಿಗೆ ಇದನ್ನ ಕಳಿಸಿ, ಜೊತೆಗೆ ನಾಳೆ ನಿಮ್ಮ ಡಬ್ಬಿಯಲ್ಲಿ ಅವಳಿಗೂ ಸೇರಿಸಿ ತನ್ನಿ.

#ಗಟ್ಟಿಆಗೋಣ #ಮನೆಯಲ್ಲೇವ್ಯಾಯಾಮ #ಬಸ್ಕಿಚಾಲೆಂಜ್ #ನಮ್ಮೂಟ #ಬಿಕಾಂಹುಡುಗಿಲೆಕ್ಕ